ಬೋಳು ತಲೆಗೆ ಬಂದ ಮರ್ಯಾದೆ

ಇಷ್ಟು ವರ್ಷ ನನ್ನ ಬೋಳು ತಲೆಯಿಂದಾದ ಲಾಭವೆಂದರೆ ಶಾಂಪೂ ಖರ್ಚು ಉಳಿದದ್ದೊಂದೇ. ವಿಡಿಯೋ ಮೀಟಿಂಗುಗಳು ಬಂದ ಮೇಲೆ ಅದಕ್ಕೆ ಮರ್ಯಾದೆ ಬಂದಿದೆ. ನನ್ನ ಬೆನ್ನ ಹಿಂದಿನ ಗೋಡೆ, ಒಣಹಾಕಿದ ಪಂಚೆ, ಅಕ್ಕಿ ಮೂಟೆ ಎಲ್ಲವನ್ನೂ ಅಳಿಸಿ ಸಮುದ್ರ ತಂದಿಡುವ ಸಾಫ್ಟ್‌ವೇರಿಗೆ ನನ್ನಂಥವರೆಂದರೆ ಅಚ್ಚುಮೆಚ್ಚು. ತಲೆಯ ಅಂಚು ಒಂದಿಷ್ಟೂ ಅಲುಗುವುದಿಲ್ಲ. ನಮ್ಮ ಆಫೀಸಿನ ಗುಂಗುರು ಕೂದಲ ಹುಡುಗನನ್ನು ನೋಡಬೇಕು. ಕೂತಿರುವುದು ಹಿಮಾಲಯದಲ್ಲಿ, ತಲೆ ಅಲ್ಲಾಡಿಸಿದರೆ ಕೂದಲ ಸಂದಿಯಿಂದ ಬಾಡಿಗೆ ಮನೆಯ ಹಳದಿ ಗೋಡೆ ಇಣುಕುತ್ತದೆ.

ಪಾಪ, ಯಂತ್ರವಾದರೂ ಏನು ಮಾಡೀತು? ಸೆಕೆಂಡಿಗೆ 30 ಚಿತ್ರ ಬಂದರೆ ಒಂದೊಂದಕ್ಕೆ ಸಿಗುವುದು ಸುಮಾರು 33 ಮಿಲಿಸೆಕೆಂಡು. ಅಷ್ಟರಲ್ಲಿ ಒಂದೊಂದು ಚುಕ್ಕೆಯನ್ನೂ 'ನೀನು ಮನುಷ್ಯನೋ, ಗೋಡೆಯೋ' ಎಂದು ವಿಚಾರಿಸಿ ಸೊನ್ನೆಯಿಂದ ಒಂದರೊಳಗೆ ಅಂಕ ಹಾಕಬೇಕು. ಹೊತ್ತು ಸಾಲದೆಂದು ಚಿತ್ರವನ್ನೇ ಕುಗ್ಗಿಸಿಕೊಳ್ಳುತ್ತದೆ. ಗೂಗಲ್‌ನ ಮೀಡಿಯಾಪೈಪ್‌ನಲ್ಲಿ ಇದಕ್ಕೆಂದೇ ಇರುವ ಒಂದು ಮಾದರಿ ನೋಡುವುದು ಉದ್ದಕ್ಕೆ 256, ಅಗಲಕ್ಕೆ 256 ಚುಕ್ಕೆಗಳನ್ನಷ್ಟೆ. ಆಗ ಒಂದೇ ಚುಕ್ಕೆಯೊಳಗೆ ಅರ್ಧ ಕೂದಲು, ಅರ್ಧ ಗೋಡೆ. ಸರಿ, ಅರ್ಧ ಅಂಕ. ನನ್ನ ಮಂಡೆಯಲ್ಲಿ ಈ ತಕರಾರಿಲ್ಲ.

ಸಿನಿಮಾದವರು ಈ ಪಂಚಾಯಿತಿಯನ್ನು ಬೆಳಕಿನಿಂದಲೇ ತೀರಿಸಿದ್ದರು. 1964ರ 'ಮೇರಿ ಪಾಪಿನ್ಸ್'ನಲ್ಲಿ ಹಿಂದಿನ ಪರದೆಗೆ ಸೋಡಿಯಂ ದೀಪದ ಹಳದಿ ಬೆಳಕು ಹಾಯಿಸಿ, ಆ ಒಂದು ಬಣ್ಣವನ್ನು ಕ್ಯಾಮೆರಾದೊಳಗಿನ ಪ್ರಿಸಮ್ಮಿನಿಂದ ಬೇರೆ ಫಿಲ್ಮಿಗೆ ಕಳಿಸಿದರು. ನಾಯಕಿಯ ಟೋಪಿಯ ತೆಳುಬಲೆ ಕೂಡ ಒಂದೆಳೆ ಹರಿಯದೆ ಬಂತು. ಈ ಉಪಾಯವನ್ನು ರೂಪಿಸಿದ ಪೆಟ್ರೋ ವ್ಲಾಹೋಸ್ ಮತ್ತು ಸಂಗಡಿಗರಿಗೆ ಆಸ್ಕರ್ ಸಿಕ್ಕಿತು. ಈಗ ಹಸಿರು ಪರದೆಯ ಕಾಲ. ಮನುಷ್ಯರ ಮೈಬಣ್ಣದಿಂದ ಅದು ಬಹಳ ದೂರ. ನಾನೂ ಒಂದು ಕಟ್ಟಲು ಹೊರಟಾಗ ಹೆಂಡತಿ, "ಯಾಕ್ರೀ, ಮೇಲೊಂದು ಫ್ಲೋರ್ ಎಬ್ಬಿಸ್ತಿದ್ದೀರಾ?" ಎಂದಳು. ಬೆಂಗಳೂರಿನಲ್ಲಿ ಹಸಿರು ಬಟ್ಟೆಗೆ ಬೇರೆ ಅರ್ಥವೇ ಇಲ್ಲ.

ಹಾಗಾಗಿ ಸಾಫ್ಟ್‌ವೇರೇ ಗತಿ. ಅದಕ್ಕೆ ಕಲಿಸಿರುವುದು ಮನುಷ್ಯರ ಗುರುತು. ಯಾವ ಮನುಷ್ಯರು ಮೀಟಿಂಗಿಗೆ ಸೇರಿದವರು ಎಂಬುದು ಅದರ ಸಿಲಬಸ್ಸಿನಲ್ಲಿಲ್ಲ. ಮೊನ್ನೆ ಅಮ್ಮ ಕಾಫಿ ತಂದರು. ಪರದೆಯಲ್ಲಿ ಮೊದಲು ಒಂದು ಭುಜ, ಆಮೇಲೆ ಕನ್ನಡಕ, ಹೀಗೆ ಕ್ಷೀರಸಾಗರದಿಂದ ಲಕ್ಷ್ಮಿ ಎದ್ದಂತೆ ಎದ್ದು ಬಂದರು. ಲೋಟ ಮನುಷ್ಯಜಾತಿಗೆ ಸೇರಿದ್ದಲ್ಲವಾದ್ದರಿಂದ ಸಮುದ್ರಪಾಲು. ನಾನು ಬರಿಗೈಯನ್ನು ಬಾಯಿಗೆತ್ತಿ ಚಪ್ಪರಿಸಿದ್ದನ್ನು ಕಂಡು ಮ್ಯಾನೇಜರು, "ಸಾರ್, ಹುಷಾರಾಗಿದ್ದೀರಾ?" ಎಂದರು.

"ಕಾಫಿ ಕಣಪ್ಪಾ, ನಿಂಗೂ ಬೇಕಾ?" ಎಂದರು ಅಮ್ಮ ಸಮುದ್ರದೊಳಗಿಂದ.

ಬಜೆಟ್ಟಿನ ಬಗ್ಗೆ ಒಂದು ಗಂಟೆಯಿಂದ ಏನೂ ತೀರ್ಮಾನಿಸದ ಮನುಷ್ಯ ತಕ್ಷಣ, "ಸಕ್ಕರೆ ಕಮ್ಮಿ ಇರಲಿ, ಅಮ್ಮಾ" ಎಂದ.