ಬೀಳುವವರ ಬುತ್ತಿ

ಸ್ವಂತ ವಿಮಾನ ಇಟ್ಟುಕೊಂಡವರ ಮುಂದಾಲೋಚನೆಯನ್ನು ನಮ್ಮ ಸೀಮೆ ಇನ್ನೂ ತಕ್ಕಷ್ಟು ಕೊಂಡಾಡಿಲ್ಲ. ಜಕ್ಕೂರಿನಿಂದ ನಾಲ್ಕು ಸೀಟಿನ ಸೆಸ್ನಾ ಏರಿದರೆ ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ಮೇಲೆ ಬರಲು ಮುಕ್ಕಾಲು ಗಂಟೆಯೂ ಬೇಡ. ಅಷ್ಟಕ್ಕೇ ಅವರು ಸೀಟಿನ ಹಿಂದೆ ಚೀಲವೊಂದನ್ನು ಕಟ್ಟಿಡುತ್ತಾರೆ: ಎಂಜಿನ್ ಕೈಕೊಟ್ಟು ಈ ನೆಲಕ್ಕೆ ಬಿದ್ದರೆ ಮೂರು ದಿನ ಜೀವ ಹಿಡಿದಿರಲು ಬೇಕಾದ ಸರಂಜಾಮು. ಇದೇ ನೆಲದಲ್ಲಿ ಹುಟ್ಟಿ ಬೆಳೆದ ನಾವು ಅಂಥ ಚೀಲದ ಯೋಚನೆಯನ್ನೇ ಮಾಡದೆ ತಲೆಮಾರು ಕಳೆದೆವಲ್ಲ, ನಮ್ಮ ಉಡಾಫೆಗೆ ಏನೆನ್ನಬೇಕು!

ಬೀಳುವ ಜಾಗವನ್ನೂ ನೋಡಿಟ್ಟುಕೊಳ್ಳುವುದು ಮೇಲು. ಮಧುಗಿರಿ ಬೆಟ್ಟ ಬೇಡ, ಅದು ಇಡಿಯಾಗಿ ಒಂದೇ ಬಂಡೆ. ಅದೇ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಚಪ್ಪಟೆಯಾಗಿದೆ, ಕೃಷ್ಣಮೃಗಗಳ ಅಭ್ಯಂತರವಿಲ್ಲದಿದ್ದರೆ. ಶಿರಾದ ಶಾಸಕ ಟಿ.ಬಿ. ಜಯಚಂದ್ರ ಅವರು ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾಕ್ಕೇ ಬರಲಿ ಎಂದು ಪಟ್ಟು ಹಿಡಿದಿದ್ದರು. ಆದರೆ 2025ರಲ್ಲಿ ಕೇಂದ್ರದ ತಂಡ ಬಂದು ನೋಡಿದ ಮೂರು ಜಾಗಗಳು ಕನಕಪುರ ರಸ್ತೆಯಲ್ಲಿ, ಕುಣಿಗಲ್ ರಸ್ತೆಯಲ್ಲಿ. ಹಾಗಾಗಿ ಸದ್ಯಕ್ಕೆ ನಮ್ಮಲ್ಲಿ ವಿಮಾನ ಇಳಿಯುವುದಿದ್ದರೆ ಬಿದ್ದೇ ಇಳಿಯಬೇಕು. ಶಿರಾ ಪಕ್ಕದ ಕಗ್ಗಲಡುವಿನ ಹುಣಸೆಮರಗಳಿಗೆ ವರ್ಷವರ್ಷವೂ ಬಣ್ಣದ ಕೊಕ್ಕರೆಗಳು ಇಳಿಯುತ್ತವೆ, ನಿಜ. ಆದರೆ ಅವು ಯಾವ ತಯಾರಿಯೂ ಇಲ್ಲದೆ ಬರುವ ಬೇಜವಾಬ್ದಾರಿ ಹಕ್ಕಿಗಳು.

ಚೀಲದೊಳಗೆ ಅಂಗೈಯಗಲದ ಕನ್ನಡಿಯಿರುತ್ತದೆ, ಬಿಸಿಲು ಹಿಡಿದು ಹುಡುಕುವವರಿಗೆ ಮಿನುಗಿಸಲು. ಪಾವಗಡದ ತಿರುಮಣಿ, ವಳ್ಳೂರು ಕಡೆ ಬೀಳುವವರು ಸ್ವಲ್ಪ ದೊಡ್ಡದನ್ನೇ ತರಲಿ. ಅಲ್ಲಿ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ ಸೋಲಾರ್ ಗಾಜು ಆಗಲೇ ಆಕಾಶಕ್ಕೆ ಮುಖವೊಡ್ಡಿ ಮಲಗಿದೆ. 2,050 ಮೆಗಾವಾಟ್ ಪಾರ್ಕ್ ಇದೆಯಲ್ಲ ಎಂದು ಟಾರ್ಚು ಬಿಟ್ಟು ಬರಬೇಡಿ. ಆ ಕರೆಂಟು ಮೊದಲು ಗ್ರಿಡ್ಡಿಗೆ ಹೋಗಿ ಆಮೇಲೆ ಹಳ್ಳಿಗೆ ಬರಬೇಕು, ದಾರಿಯಲ್ಲಿ ತಡವಾಗುವುದುಂಟು.

ಗಾಳ ಮತ್ತು ದಾರ ಇಡುವುದು ಬಹಳ ದೂರದೃಷ್ಟಿಯ ಕೆಲಸ. ಕೆರೆ ತುಂಬಿದ ವರ್ಷ ನೋಡಿಕೊಂಡು ಬೀಳಬೇಕು, ಅಷ್ಟೆ. ಸೀಟಿ ತಿಮ್ಮಲಾಪುರ ಕಾಡಿನ ಕರಡಿಗಳಿಗಾಗಿ. ಕೇಳಿಸಿಕೊಳ್ಳುವುದು ಬಿಡುವುದು ಅವುಗಳ ಇಷ್ಟ.

ನೀರು ಶುದ್ಧಿಯ ಮಾತ್ರೆಗಳನ್ನು ಮನಸಾರೆ ಹೊಗಳಬೇಕು. ಒಂದು ಮಾತ್ರೆ ಹಾಕಿದರೆ ಕ್ರಿಮಿ ಸಾಯುತ್ತದೆ. ಪಾವಗಡದ ಬೋರ್‌ವೆಲ್ ನೀರಿನಲ್ಲಿರುವುದು ಫ್ಲೋರೈಡ್. ಅದು ಕ್ರಿಮಿಯಲ್ಲ, ಸಾಯುವುದಿಲ್ಲ, ಕುದಿಸಿದರೆ ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ವಿಮಾನದವರು ಹೆದರಬೇಕಾಗಿಲ್ಲ. ಮೂರು ದಿನದ ನೀರು ಏನೂ ಮಾಡದು. ಹಲ್ಲಿಗೆ ಕಂದು ಕಲೆ ಹತ್ತಬೇಕಾದರೆ ಎಳವೆಯಿಂದಲೇ ಕುಡಿಯಬೇಕು, ಬೆನ್ನು ಬಾಗಬೇಕಾದರೆ ವರ್ಷಗಟ್ಟಲೆ ಕುಡಿಯಬೇಕು. ಆ ಸವಲತ್ತು ಸ್ಥಳೀಯರಿಗೆ ಮೀಸಲು.

ಎಲ್ಲಕ್ಕಿಂತ ದೊಡ್ಡದು ಬಾಲದ ಬಳಿ ಕೂರಿಸಿದ ಪುಟ್ಟ ಪೆಟ್ಟಿಗೆ. ನೆಲಕ್ಕೆ ಬಡಿದ ಏಟಿಗೆ ಅದು ತಾನಾಗಿಯೇ ಎಚ್ಚೆತ್ತು 406 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತದೆ. ಉಪಗ್ರಹ ಕೇಳಿಸಿಕೊಂಡು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ದಾಟಿಸುತ್ತದೆ. ಬಿದ್ದದ್ದು ಯಾರು, ಎಲ್ಲಿ ಎಂದು ಅರ್ಜಿ ಬರೆಯದೆಯೇ ತಿಳಿಯುವ ವ್ಯವಸ್ಥೆ! ಸಾವಿರ ಅಡಿ ಕೊರೆಸಿದ ಬೋರ್ ಬರೀ ಧೂಳು ಉಗುಳಿದಾಗ ಕಡ್ಲೆಕಾಯಿ ಬೆಳೆಗಾರ ಬಿದ್ದ ಸದ್ದಿಗೂ ಇಂಥದೊಂದನ್ನು ಕೂರಿಸಬಹುದಿತ್ತು. ಆದರೆ ಉಪಗ್ರಹಕ್ಕೆ ಪುರುಸೊತ್ತು ಸಿಗುತ್ತಿರಲಿಲ್ಲವೇನೋ.

ಪಾರಾಗಿ ಹೊರಡುವಾಗ ಮೊಹರು ಒಡೆಯದ ನೀರಿನ ಪೊಟ್ಟಣಗಳನ್ನು ದಯವಿಟ್ಟು ಊರಿಗೆ ಬಿಟ್ಟುಹೋಗಿ. ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಎಂದು 2023ರ ಕೇಂದ್ರ ಬಜೆಟ್ಟಿನಲ್ಲಿ ಓದಿದ್ದನ್ನು ಕೇಳಿ ಬಿಂದಿಗೆ ತೊಳೆದಿಟ್ಟವರು ಇಲ್ಲಿದ್ದಾರೆ. ಪೊಟ್ಟಣ ಐದು ವರ್ಷ ಕೆಡುವುದಿಲ್ಲವಂತೆ. ಒಂದು ಚುನಾವಣೆಯಿಂದ ಇನ್ನೊಂದರವರೆಗೆ ಸರಿಹೋಗುತ್ತದೆ.