ಆಕ್ಷೇಪಣೆ ರಾಯರು

ನಮ್ಮ ಬೀದಿಯ ರಾಯರಿಗೆ ಎರಡು ಹುಟ್ಟುಹಬ್ಬ. ಅವರಮ್ಮನ ಲೆಕ್ಕದಲ್ಲಿ ಆಯುಧಪೂಜೆಯ ದಿನ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಲೆಕ್ಕದಲ್ಲಿ ಜೂನ್ 1. ಸರ್ಕಾರ ಮೇಷ್ಟ್ರನ್ನೇ ನಂಬಿತು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕಲ್ಲ, ಮೇ 31ರ ಸಂಜೆ ರಾಯರು ಶಾಲು, ಪೇಟ, ಹಣ್ಣಿನ ಬುಟ್ಟಿ ಸಮೇತ ಮನೆಗೆ ಬಂದಿಳಿದರು.

2008ರಲ್ಲಿ ರಾಜ್ಯ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು ನೌಕರರ ಮೇಲಿನ ಪ್ರೀತಿಗಲ್ಲ, ಅವರ ಹೆಂಡತಿಯರ ಮೇಲಿನ ಕರುಣೆಗೆ ಎಂದು ರಾಯರ ಮನೆಯಾಕೆಗೆ ಹೊಳೆದದ್ದು ಮಾರನೆಯ ಬೆಳಿಗ್ಗೆ.

ಸರ್ವೀಸಿನಲ್ಲಿದ್ದಾಗ ಯಾವ ಕಡತವೂ ಮೊದಲ ಸಲಕ್ಕೆ ರಾಯರ ಮೇಜು ದಾಟಿದ್ದಿಲ್ಲ. ಎಲ್ಲ ಸರಿಯಿದ್ದರೆ 'ಪುಟಸಂಖ್ಯೆ ನಮೂದಿಸಿಲ್ಲ' ಎಂದು ವಾಪಸು ಕಳಿಸುತ್ತಿದ್ದರು. ಈಗ ಕಡತಗಳಿಲ್ಲ, ಕೊತ್ತಂಬರಿ ಸೊಪ್ಪಿದೆ. "ಇಪ್ಪತ್ತು ರೂಪಾಯಿಗೆ ಒಂದು ಕಟ್ಟೇ? ಇನ್ನೆರಡು ಕೊಟೇಷನ್ ಎಲ್ಲಿ?" ತವರಿಗೆ ಹೊರಟ ಸೊಸೆಗೆ, "ರಜೆ ಎಷ್ಟು ದಿನ, ಬದಲಿ ವ್ಯವಸ್ಥೆ ಏನು?" ಊಟಕ್ಕೆ ಕೂತರೆ, "ಹುಳಿಗೆ ಉಪ್ಪು ಕಡಿಮೆ. ಸಮಜಾಯಿಷಿ ಕೊಡಿ." ಮನೆಯಾಕೆ ಉಪ್ಪಿನ ಭರಣಿಯನ್ನೇ ತಂದು ಎದುರಿಗೆ ಕುಕ್ಕಿದರು: "ಅನುಬಂಧ ಒಂದು."

ನವೆಂಬರ್ ಬಂತು. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ರುಜುವಾತು ಮಾಡುವ ತಿಂಗಳು. ಬ್ಯಾಂಕಿನಲ್ಲಿ ರಾಯರು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರು. ಒರೆಸಿ ಒತ್ತಿದರು. ಉಗುಳು ಹಚ್ಚಿ ಒತ್ತಿದರು. ಕಾಗದ ತಿರುವಿ ತಿರುವಿ ಸವೆದ ಬೆರಳು, ಗೆರೆಯೇ ಇಲ್ಲ.

"ಅಂಕಲ್, ಸಿಸ್ಟಮ್ ಒಪ್ತಾ ಇಲ್ಲ."

"ಎದುರಿಗೇ ಇದ್ದೀನಲ್ಲಮ್ಮ!"

"ನಂಗೆ ಕಾಣ್ತಿದ್ದೀರಿ. ಅದಕ್ಕೆ ಕಾಣ್ತಿಲ್ಲ. ಸ್ವಲ್ಪ ಕೂತಿರಿ."

ರಾಯರ ಮೇಲೇ ಆಕ್ಷೇಪಣೆ ಬಿದ್ದಿತ್ತು! ಪೆಚ್ಚಾಗಿ ಬೆಂಚಿನ ಮೇಲೆ ಕೂತರು. ಪಕ್ಕದಲ್ಲೊಬ್ಬ ಅಜ್ಜಿ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದಕ್ಷರ ಹೆಚ್ಚು. ಮೂರು ಸಲ ವಾಪಸು ಕಳಿಸಿದ್ದಾರಂತೆ. ರಾಯರ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಮೂವತ್ತು ವರ್ಷ ಕೊಂಕು ಹುಡುಕಿದ ಕಣ್ಣಲ್ಲವೇ, ಕೊಂಕು ಎಲ್ಲೆಲ್ಲಿ ತೆಗೆಯಬಹುದೋ ಅಲ್ಲೆಲ್ಲ ಮೊದಲೇ ಅಗುಳಿ ಹಾಕುತ್ತಾ ಅರ್ಜಿ ಬರೆದರು. ಲಗತ್ತುಗಳಿಗೆ ಕ್ರಮಸಂಖ್ಯೆ. ಪುಟಸಂಖ್ಯೆಯಂತೂ ಎರಡೆರಡು ಕಡೆ. ಕೌಂಟರಿನಲ್ಲಿ ಮರುಮಾತಿಲ್ಲದೆ ಸೀಲು ಬಿತ್ತು.

ಅಜ್ಜಿ ಸೆರಗಿನ ಗಂಟಿನಿಂದ ಒಂದು ಸೀಬೆಹಣ್ಣು ತೆಗೆದು ಕೈಯಲ್ಲಿಟ್ಟಳು. "ನಿನ್ನಂಥೋನು ಆಫೀಸ್ನಾಗೆ ಇದ್ದಿದ್ರೆ ನಾವು ಹಿಂಗೆ ಅಲೀತಿದ್ವಾ, ಮಗ?"

ರಾಯರು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಕೌಂಟರಿನ ಹುಡುಗಿ ಮೊಬೈಲು ಹಿಡಿದು ಬಂದಳು. "ಮುಖ ತೋರಿಸಿ ಅಂಕಲ್. ಹಾಂ, ಈಗ ಕಣ್ಣು ಮಿಟುಕಿಸಿ." ಅದೇಕೋ ಕಣ್ಣು ಆಗಲೇ ತೇವವಾಗಿತ್ತು, ಒಂದಕ್ಕೆ ನಾಲ್ಕು ಸಲ ಮಿಟುಕಿಸಿದರು. ಜೀವಂತ ಎಂದು ದಾಖಲಾಯಿತು.

ಈಗ ರಾಯರ ಜಗಲಿಯ ಮೇಲೆ ಬೆಳಿಗ್ಗೆಯೇ ಸಾಲು. ವಿಧವಾ ವೇತನ, ಖಾತೆ ಬದಲಾವಣೆ, ಪಡಿತರ ಚೀಟಿ, ಎಲ್ಲಕ್ಕೂ ಅರ್ಜಿ. ಶುಲ್ಕ: ಸೀಬೆಹಣ್ಣು, ಹೀರೇಕಾಯಿ, ಊರ ಸುದ್ದಿ. 'ಆಕ್ಷೇಪಣೆ ರಾಯರು' ಎಂಬ ಹೆಸರು ಮಾತ್ರ ಅದೇ ಉಳಿದಿದೆ.

ಮೊನ್ನೆ ಊಟದ ಹೊತ್ತಿಗೆ ಯಾರೋ ಬಂದರು. ಹಳೆಯ ನಾಲಿಗೆ, "ನಾಳೆ ಬನ್ನಿ" ಎಂದುಬಿಟ್ಟಿತು. ಒಳಗಿನಿಂದ ದನಿ ಬಂತು:

"ರೀ, ಇವತ್ತೇ ಬರ್ಕೊಡಿ. ಇಲ್ಲಾಂದ್ರೆ ಹುಳಿಗೆ ಉಪ್ಪು ಮಂಜೂರಾಗಲ್ಲ."