ಗಡಿನಾಡಿನ ಒಂದನೇ ಇಯತ್ತೆ: ವರ್ಷಾರಂಭ ಮೀಮಾಂಸೆ

1. ಲಕ್ಷಣ

ಬೇಸಿಗೆಯಿಡೀ ಒಂದು ಕಡೆ ನಿಲ್ಲದ ಮಗುವನ್ನು ಒಂದು ಕಡೆ ಕೂರಿಸಲು ಸರ್ಕಾರ, ಪೋಷಕರು ಮತ್ತು ಅಧ್ಯಾಪಕರು ಕೂಡಿ ನಡೆಸುವ ವಾರ್ಷಿಕ ಪ್ರಯತ್ನಕ್ಕೆ ಶಾಲಾ ವರ್ಷಾರಂಭವೆಂದು ಹೆಸರು. ಕಾಲ, ದೇಶ, ಪ್ರವೇಶ, ರೋದನ, ವಾಕ್ ಎಂದು ಇದಕ್ಕೆ ಐದು ಅಂಗಗಳು. ಮಗುವೇ ಆರನೆಯ ಅಂಗವೆಂದು ಕೆಲವರು ವಾದಿಸುತ್ತಾರಾದರೂ ಸುತ್ತೋಲೆಗಳಲ್ಲಿ ಅದಕ್ಕೆ ಆಧಾರ ಸಾಲದು. ಜಹೀರಾಬಾದ್, ನಾರಾಯಣಖೇಡ ಹಾಗೂ ತಾಂಡೂರು ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಒಂದನೇ ಇಯತ್ತೆ ಈ ಮೀಮಾಂಸೆಯ ಕ್ಷೇತ್ರ.

2. ಕಾಲನಿರ್ಣಯ

ವರ್ಷ ಎಂದು ಶುರುವಾಗುತ್ತದೆ ಎಂಬುದರಲ್ಲಿ ಮೂರು ಪಂಥಗಳಿವೆ.

ಮೊದಲನೆಯದು ಸುತ್ತೋಲೆ ಪಂಥ. ಇದರ ಪ್ರಕಾರ ತೆಲಂಗಾಣದ ಶಾಲೆ ತೆರೆಯುವುದು ಜೂನ್ 12ಕ್ಕೆ. ಇದಕ್ಕೆ ಪೂರಕವಾಗಿ ‘ಬಡಿಬಾಟ’ ನಡೆಯುತ್ತದೆ. ಅಧ್ಯಾಪಕರು ಮನೆಮನೆಗೆ ಹೋಗಿ ಮಕ್ಕಳನ್ನು ಕರೆಯುತ್ತಾರೆ. ಅಂದರೆ ಶಾಲೆಯೇ ಮಗುವಿನ ಮನೆಗೆ ಹೋಗುತ್ತದೆ. ಆ ಹೊತ್ತಿಗೆ ಮಗು ಹೊಲದಲ್ಲಿರುತ್ತದೆ.

ಎರಡನೆಯದು ಬೀಗರ ಪಂಥ. ಗಡಿಯಾಚೆಯ ಬೀದರ, ಚಿಂಚೋಳಿ, ಸೇಡಂ ಕಡೆ ಸಾಲಿ ತೆರೆಯುವುದು ಮೇ ತಿಂಗಳ ಕೊನೆಗೆ. ಸೋದರಮಾವನ ಮಕ್ಕಳು ಚೀಲ ಹೊತ್ತು ಹೊರಟೊಡನೆ, ರಜೆಗೆ ಹೋದ ಮಗು ಆಡಲು ಜೊತೆಯಿಲ್ಲದೆ ಊರಿಗೆ ಮರಳುತ್ತದೆ. ಇಲ್ಲಿ ನೋಡಿದರೆ ಶಾಲೆಗೆ ಇನ್ನೂ ಬೀಗ. ನಡುವಿನ ಎರಡು ವಾರ ಯಾವ ರಾಜ್ಯದ ಶಿಕ್ಷಣ ಇಲಾಖೆಗೂ ಸೇರುವುದಿಲ್ಲ. ವಿದ್ವಾಂಸರು ಇದನ್ನೇ ಶುದ್ಧ ರಜೆ ಎನ್ನುತ್ತಾರೆ.

ಮೂರನೆಯದು ಮಿರಗದ ಪಂಥ. ಜೂನ್ 7-8ರ ಸುಮಾರಿಗೆ ಮೃಗಶಿರಾ ಮಳೆ ಹೂಡುತ್ತದೆ. ಹದವಾದರೆ ಹೆಸರು, ಉದ್ದು, ತೊಗರಿಯ ಬಿತ್ತಿಗೆ. ಹಿರಿಯರು ಹೊಲಕ್ಕೆ ಹೋದರೆ ತೊಟ್ಟಿಲ ಕೂಸನ್ನು ನೋಡಿಕೊಳ್ಳುವ ಹೊಣೆ ಆರು ವರ್ಷದವರದು. ಆದ್ದರಿಂದ ಮಳೆ ಬಂದರೆ ಹಾಜರಿ ಇಳಿಯುತ್ತದೆ, ಮಳೆ ಕೈಕೊಟ್ಟರೆ ಏರುತ್ತದೆ. ಹಾಜರಿ ಪುಸ್ತಕವನ್ನು ಮಳೆಮಾಪಕವಾಗಿ ಬಳಸಬಹುದೆಂಬುದು ಹವಾಮಾನ ಇಲಾಖೆಯ ಗಮನಕ್ಕೆ ಇನ್ನೂ ಬಂದಂತಿಲ್ಲ.

3. ದೇಶ

ದೇಶವೆಂದರೆ ತರಗತಿಯ ಕೋಣೆ. ಕೋಣೆ ಕದಲುವುದಿಲ್ಲ, ಅದರ ವಿಳಾಸ ಕದಲುತ್ತದೆ. ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶದ ಪಾಲಾದವು. ಜಹೀರಾಬಾದ್ ತಾಲ್ಲೂಕಿನಲ್ಲಿ ನಿರ್ಣಾ ವೃತ್ತವನ್ನು ಮಾತ್ರ ಕಾನೂನು ಬೀದರ ಕಡೆಗೇ ಬಿಟ್ಟಿತು. 2014ರ ಜೂನ್ 2ಕ್ಕೆ ತೆಲಂಗಾಣವಾಯಿತು. 2016ರ ಅಕ್ಟೋಬರ್ 11ಕ್ಕೆ ಮೊದಲೆರಡು ಊರುಗಳು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಬಂದವು. ಹೀಗೆ ಅಜ್ಜ, ಅಪ್ಪ, ಮೊಮ್ಮಗ ಒಂದೇ ಊರಿನ ಒಂದನೇ ಇಯತ್ತೆಯನ್ನು ಮೂರು ರಾಜ್ಯಗಳಲ್ಲಿ ಓದಿದ್ದಾರೆ. ಮಗ್ಗಿ ಮಾತ್ರ ಮೂವರಿಗೂ ಹದಿಮೂರರಲ್ಲೇ ತಪ್ಪಿದೆ.

ಕೋಣೆಯ ನೆಲಕ್ಕೆ ತಾಂಡೂರಿನ ಫರಸಿ ಕಲ್ಲು ಹಾಸುವುದು ವಾಡಿಕೆ. ಪಾಟಿ ಮರೆತು ಬಂದ ಮಗುವಿಗೆ ಈ ನೆಲವೇ ಪಾಟಿ: ಖಡುವಿನಿಂದ ಬರೆದು, ಅಂಗೈಯಿಂದ ಒರೆಸಿ, ಅಂಗೈಯನ್ನು ಹೊಸ ಯೂನಿಫಾರಂಗೆ ಒರೆಸಿದರೆ ಪಾಠ ಮುಗಿಯಿತು. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಅಧ್ಯಾಪಕರು, ಇಯತ್ತೆಗಳು ಐದು. ಐದನ್ನು ಎರಡರಿಂದ ಭಾಗಿಸಿದರೆ ಉಳಿಯುವ ಶೇಷವೇ ಒಂದನೇ ಇಯತ್ತೆ. ಹಲಗೆಯ ನಡುವೆ ಗೀಟೆಳೆದು ಎಡಗಡೆ ‘ಅ’, ಬಲಗಡೆ ಎರಡನೇ ಇಯತ್ತೆಯ ಕೂಡಿಸುವ ಲೆಕ್ಕ ಬರೆಯುವುದು ಇದರಿಂದ ಹುಟ್ಟಿದ ಪದ್ಧತಿ.

4. ಪ್ರವೇಶ

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಹೀಗೆ ತೊಗರಿಗೆ ಹುಟ್ಟಿದ ಊರಿನ ದಾಖಲೆಯಿದೆ. ಬಿತ್ತಿದವನ ಮಗುವಿಗೆ ಹುಟ್ಟಿದ ದಿನದ ದಾಖಲೆ ಇಲ್ಲದಿರುವುದುಂಟು. ವಯಸ್ಸಿನ ಪುರಾವೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುವುದರಿಂದ ಮುಖ್ಯೋಪಾಧ್ಯಾಯರು ಪ್ರಮಾಣಶಾಸ್ತ್ರದ ಮೊರೆಹೋಗುತ್ತಾರೆ.

ಪ್ರತ್ಯಕ್ಷ: ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಆರು ವರ್ಷ. ಮುಟ್ಟದಿದ್ದರೆ ತಲೆ ತುಸು ಬಗ್ಗಿಸಲಾಗುವುದು.

ಅನುಮಾನ: ಮುಂದಿನ ಹಲ್ಲು ಬಿದ್ದಿದೆ, ಆದ್ದರಿಂದ ಸಾಲಿಗೆ ಬಂದಿದೆ. ಬಿದ್ದದ್ದು ವಯಸ್ಸಿನಿಂದಲೋ ಬೇವಿನ ಮರದಿಂದಲೋ ಎಂಬ ಪ್ರಶ್ನೆ ಅಪ್ರಸ್ತುತ.

ಶಬ್ದ: ಕರೆತಂದ ಅಜ್ಜಿಯ ಮಾತು.

“ಯಾವಾಗ ಹುಟ್ಯಾನಬೇ?”

“ಆ ವರ್ಷ ತೊಗರಿ ಎಲ್ಲಾ ಒಣಗಿ ಹೋಗಿತ್ತು ನೋಡ್ರಿ ಸರ್, ನಮ್ಮ ಹಿರೇ ಎಮ್ಮಿ ಈದ ಎಂಟ ದಿನಕ್ಕ.”

ಇದು ದಾಖಲಾತಿ ಪುಸ್ತಕಕ್ಕೆ ಇಳಿಯುವಾಗ ‘01-06’ ಎಂಬ ರೂಪ ತಾಳುತ್ತದೆ. ಗಡಿಯ ಎರಡೂ ಕಡೆ ಒಂದು ತಲೆಮಾರಿನ ಎಷ್ಟೋ ಜನ ಜೂನ್ 1ಕ್ಕೆ ಹುಟ್ಟಿರುವುದು ಹೀಗೆ. ಇದರ ಫಲ ದೂರಗಾಮಿ. ತಿಂಗಳ ಮೊದಲ ದಿನ ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ನಿಯಮ. ಆದ್ದರಿಂದ ಜೂನ್ 1ರ ಬಾಲಕ ಮುಂದೆ ಮುಖ್ಯೋಪಾಧ್ಯಾಯನಾದರೆ ಮೇ 31ಕ್ಕೆ ಶಾಲು-ಹಾರ ಪಡೆದು ಹೊರಡುತ್ತಾನೆ. ಶಾಲೆ ತೆರೆಯುವ ದಿನ ಕುರ್ಚಿ ಖಾಲಿ. ಅಜ್ಜಿಯ ಎಮ್ಮೆಗೂ ಹುದ್ದೆಯ ಕೊರತೆಗೂ ಇರುವ ಕಾರ್ಯಕಾರಣ ಸಂಬಂಧ ಹೀಗೆ ಸಿದ್ಧವಾಗುತ್ತದೆ.

5. ರೋದನ

ಮೊದಲ ವಾರದ ಅಳು ಮೂರು ಬಗೆ. ಸ್ವಯಂಭೂ ರೋದನ ತಾಯಿಯ ಬೆನ್ನು ಕಂಡೊಡನೆ ಹೊಮ್ಮುತ್ತದೆ. ಅನುಕರಣ ರೋದನಕ್ಕೆ ಕಾರಣವಿಲ್ಲ, ಪಕ್ಕದವನಿದ್ದಾನೆ. ನೈಮಿತ್ತಿಕ ರೋದನ ಕಿಟಕಿಯಲ್ಲಿ ಅಜ್ಜ ಇಣುಕಿದಾಗ ಮಾತ್ರ. ಅಜ್ಜ ಸರಿದರೆ ನಿಲ್ಲುತ್ತದೆ, ಅಜ್ಜ ಮಾತ್ರ ಸರಿಯುವುದಿಲ್ಲ. ಮೂರಕ್ಕೂ ಮದ್ದು ಮಧ್ಯಾಹ್ನದ ಊಟ. ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂದು ಲೆಕ್ಕ. ಅಳುವ ಮಗುವಿಗೂ ಅಷ್ಟೇ. ಮೊಟ್ಟೆಯ ದಿನ ಅಳು ಬೇಗ ಇಳಿಯುವುದೆಂಬುದು ಅಡುಗೆಯವರ ಮತ.

6. ವಾಕ್

ಈ ಸೀಮೆಯ ಒಂದು ತರಗತಿಗೆ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ, ಮರಾಠಿಗಳು ಮನೆಯಿಂದ ಬರಬಹುದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಲು ಹೇಳುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದೂ 1956ರ ನವೆಂಬರ್ 1ರಂದೇ. ಗಾಯ ಮತ್ತು ಮುಲಾಮು ಒಂದೇ ದಿನ ಬಂದ ಉದಾಹರಣೆ ಇತಿಹಾಸದಲ್ಲಿ ವಿರಳ. ಕನ್ನಡ ಮಾಧ್ಯಮವಿರುವಲ್ಲಿ 2018ರ ಕಾಯ್ದೆಯಂತೆ ತೆಲುಗೂ ಕಡ್ಡಾಯ. ಇಲ್ಲದಿರುವಲ್ಲಿ 2022-23ರಿಂದ ಬಂದ ದ್ವಿಭಾಷಾ ಪುಸ್ತಕವಿದೆ: ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್. ಕನ್ನಡದ ಮಗು ಎರಡನ್ನೂ ನಿಷ್ಪಕ್ಷಪಾತವಾಗಿ ನೋಡಿ ಚಿತ್ರಕ್ಕೆ ಬಣ್ಣ ಹಚ್ಚುತ್ತದೆ.

ಪುಸ್ತಕದಲ್ಲಿಲ್ಲದ, ಆದರೆ ಎಲ್ಲ ಮಕ್ಕಳೂ ಮೊದಲು ಕಲಿಯುವ ವಾಕ್ಯ ಒಂದಿದೆ: “ಸರ್, ಒಂದಕ್ಕ ಹೋಗ್ಲಿರಿ?” ಭಾಷೆ ಬಾರದವರು ಕಿರುಬೆರಳೆತ್ತುತ್ತಾರೆ. ಐದು ಭಾಷೆಗಳೂ ಒಪ್ಪಿದ ಲಿಪಿ ಇದೊಂದೇ.

7. ಸಿದ್ಧಾಂತ

ಮೊದಲ ದಿನಗಳಲ್ಲಿ ಒಂದಕ್ಕೆಂದು ಹೋದ ಮಗು ಸೀದಾ ಮನೆಗೆ ಹೋಗುತ್ತದೆ. ಚೀಲ ಶಾಲೆಯಲ್ಲೇ ಇರುವುದರಿಂದ ಹಾಜರಿಗೆ ಬಾಧೆಯಿಲ್ಲ. ಕೆಲದಿನಗಳ ಮೇಲೆ ಗೇಟಿನವರೆಗೆ ಹೋಗಿ ನಿಲ್ಲುತ್ತದೆ. ಮತ್ತೊಂದು ದಿನ, ಯಾರೂ ಕರೆಯದೆ, ಮರಳಿ ಬಂದು, ತನ್ನ ಜಾಗದಲ್ಲಿ ಕೂತವನನ್ನು ಮೊಣಕೈಯಿಂದ ಸರಿಸಿ ಕೂರುತ್ತದೆ. ಆ ಮಗುವಿನ ಶಾಲಾ ವರ್ಷ ಆರಂಭವಾಗುವುದು ಆ ಕ್ಷಣದಲ್ಲಿ. ಜೂನ್ 12 ಅದಕ್ಕೆ ನಿಮಿತ್ತ ಮಾತ್ರ.

ಇದರಿಂದ ಎರಡು ಉಪಸಿದ್ಧಾಂತಗಳು. ಒಂದು: 20 ಮಕ್ಕಳ ತರಗತಿಗೆ 20 ವರ್ಷಾರಂಭಗಳು. ನಾರಾಯಣಖೇಡದ ತಾಂಡಾಗಳಲ್ಲಿ ದಸರೆಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುವ ಕುಟುಂಬಗಳ ಮಗುವಿಗೆ ವರ್ಷ ಹಿಡಿಯುವುದರೊಳಗೆ ಗಾಡಿ ಹತ್ತುವ ದಿನ ಬಂದಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಹೇಳುವ 200 ಕೆಲಸದ ದಿನಗಳನ್ನು ಅಂಥ ಮಗು ಎರಡು ಮೂರು ವರ್ಷಗಳಲ್ಲಿ ಕಂತಿನಲ್ಲಿ ತೀರಿಸುತ್ತದೆ. ಎರಡು: ಎಲ್ಲರೂ ಹೀಗೆ ಮರಳಿ ಬರುವತನಕ ಮೊದಲ ಪಾಠ ಎತ್ತಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅಲ್ಲಿಯವರೆಗೆ ಅನುಭವಿ ಅಧ್ಯಾಪಕರು ಹಲಗೆಯ ಬಳಿ ಕುರ್ಚಿ ಹಾಕಿಸುವುದಿಲ್ಲ, ಬಾಗಿಲ ಬಳಿ ಹಾಕಿಸುತ್ತಾರೆ.